ಕಾಡುಗುಲಾಬಿ ಬಾರದ ಗುಡ್ಡದಲ್ಲಿ ಕವಳೆ



ಈ ಸಲದ ದತ್ತಿ ಉಪನ್ಯಾಸಕ್ಕೆ ಸಮಿತಿಯವರು ಸೂಚಿಸಿದ ವಿಷಯ ಕಾಡುಗುಲಾಬಿ. ಅದರ ಲಕ್ಷಣ, ಅದು ಬೇಡುವ ಮಣ್ಣು ಮತ್ತು ಹವೆ, ಅದು ನೆಲೆಸುವ ಜಾಗ, ಇವನ್ನು ನಮ್ಮ ಸೀಮೆಯ ಜನರಿಗೆ ಮುಟ್ಟುವಂತೆ ಹೇಳಬೇಕೆಂದು ಅವರು ಕೇಳಿದರು. ನಾನು ಸಂತೋಷದಿಂದ ಒಪ್ಪಿದೆ. ಒಪ್ಪಿದ ಮೇಲೆ ಒಂದು ಸತ್ಯವನ್ನು ಅವರ ಮುಂದೆ ಇಟ್ಟೆ. ನಾನು ಪಾಪಿನಾಯಕನಹಳ್ಳಿಯಲ್ಲಿ ಬೆಳೆದವನು. ಸಸ್ಯಶಾಸ್ತ್ರದ ಮೇಷ್ಟ್ರಾಗಿ ಹೊಸಪೇಟೆಯಿಂದ ಸಂಡೂರಿನವರೆಗೆ, ಹಂಪಿಯಿಂದ ಕಂಪ್ಲಿಯವರೆಗೆ ಗುಡ್ಡ, ಹಳ್ಳ, ಬದು ಎಲ್ಲವನ್ನೂ ನಡೆದು ನೋಡಿದವನು. ಈ ಸೀಮೆಯಲ್ಲಿ ಕಾಡುಗುಲಾಬಿ ಇಲ್ಲ. ಮನೆಯಂಗಳದ ಕುಂಡದಲ್ಲಿ, ತೋಟದಲ್ಲಿ ಗುಲಾಬಿ ಇದೆ. ತಾನಾಗಿ ಹುಟ್ಟಿ, ತಾನಾಗಿ ಬೀಜ ಚೆಲ್ಲಿ, ಯಾರ ಆರೈಕೆಯೂ ಇಲ್ಲದೆ ಬದುಕುವ ಗುಲಾಬಿ ಇಲ್ಲ.

ಹಾಗಾದರೆ ಮಾತಾಡುವುದು ಯಾವುದರ ಬಗ್ಗೆ? ತಂಪು ನಾಡುಗಳ ಬೆಟ್ಟದಂಚಿನಲ್ಲಿ ಕಾಡುಗುಲಾಬಿ ಮಾಡುವ ಕೆಲಸವನ್ನು ನಮ್ಮ ಗುಡ್ಡಗಳಲ್ಲಿ ಮಾಡುವ ಒಂದು ಪೊದೆ ಇದೆ. ಅದಕ್ಕೂ ಮುಳ್ಳಿದೆ, ಐದು ದಳದ ಬಿಳಿ ಹೂವಿದೆ, ಮರುಳು ಮಾಡುವ ಪರಿಮಳವಿದೆ, ಬಣ್ಣ ಬದಲಿಸುವ ಪುಟ್ಟ ಹಣ್ಣಿದೆ. ಅದು ಕವಳೆ. ನಮ್ಮ ಊರ ಬಾಯಲ್ಲಿ ಕವಳಿ. ಇವತ್ತಿನ ಮಾತು ಗುಲಾಬಿಯಿಂದ ಶುರುವಾಗಿ ಕವಳೆಗೆ ಬರುತ್ತದೆ. ಮೊದಲು ಗುಲಾಬಿ ಇಲ್ಲೇಕೆ ಇಲ್ಲ ಎಂಬುದನ್ನು ನೋಡೋಣ. ಆಮೇಲೆ ಕವಳೆಯ ಮೈಕಟ್ಟು, ಅದು ನಿಲ್ಲುವ ನೆಲ, ಅದನ್ನು ನಂಬಿದ ಜೀವಗಳು. ಕೊನೆಯಲ್ಲಿ, ಗಣಿ ಅಗೆದು ಬಿಟ್ಟುಹೋದ ನಮ್ಮ ಗುಡ್ಡಗಳಿಗೆ ಈ ಮುಳ್ಳಿನ ಪೊದೆ ಏಕೆ ಬೇಕು ಎಂಬುದನ್ನು ಹೇಳುತ್ತೇನೆ. ನಿಜವಾಗಿ ಆ ಕೊನೆಯ ಮಾತನ್ನು ಹೇಳುವುದಕ್ಕೇ ನಾನು ಇಲ್ಲಿಗೆ ಬಂದದ್ದು.

ಗುಲಾಬಿಯ ಮಾತು ಬಂದಾಗ ಹಂಪಿಯ ಪಕ್ಕದಲ್ಲಿ ನಿಂತು ಅಬ್ದುರ್ ರಜಾಕನನ್ನು ನೆನೆಯದೆ ಇರುವುದು ಹೇಗೆ? ಹೆರಾತಿನ ದೊರೆ ಶಾರುಖ್‌ನ ರಾಯಭಾರಿಯಾಗಿ ಅವನು 1443ರಲ್ಲಿ ವಿಜಯನಗರಕ್ಕೆ ಬಂದ. ಆಗ ಇಮ್ಮಡಿ ದೇವರಾಯನ ಕಾಲ. ಪೇಟೆಯಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುವುದನ್ನು ಕಂಡು ಆತ ಬೆರಗಾದ. ಈ ಊರಿನವರಿಗೆ ಗುಲಾಬಿ ಇಲ್ಲದೆ ಬದುಕಲಾಗದು, ಅನ್ನದಷ್ಟೇ ಅದೂ ಬೇಕು ಎಂಬ ಅರ್ಥದಲ್ಲಿ ಬರೆದಿಟ್ಟ. ಗುಲಾಬಿಯ ನಾಡಾದ ಪರ್ಷಿಯಾದ ಕಡೆಯಿಂದ ಬಂದವನೇ ಹೀಗೆ ಬೆರಗಾಗಿದ್ದಾನೆಂದರೆ ಅಂದಿನ ಹೂವಿನ ರಾಶಿಯನ್ನು ನಾವು ಊಹಿಸಿಕೊಳ್ಳಬಹುದು. ಆದರೆ ಗಿಡದ ದೃಷ್ಟಿಯಿಂದ ನೋಡಿದರೆ ಆ ಹೂವು ತೋಟದ ಹೂವು. ನದಿಯ ಬಲದಲ್ಲಿ, ಕಾಲುವೆಯ ನೀರಿನಲ್ಲಿ, ಮಾಲಿಯ ಕೈಯಲ್ಲಿ ಬೆಳೆದದ್ದು. ಬಸವಣ್ಣ ಕಾಲುವೆ, ತುರುತ್ತು ಕಾಲುವೆ, ರಾಯ ಕಾಲುವೆಯಂಥ ವಿಜಯನಗರ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ಬಾಳೆ ಕಬ್ಬು ಬೆಳೆಯುತ್ತವೆ. ಕಾಲುವೆಯ ದಂಡೆಯಿಂದ ನಾಲ್ಕು ಮಾರು ಮೇಲೆ ಹತ್ತಿದರೆ ಬಂಡೆ ಮತ್ತು ಮುಳ್ಳು. ನೀರು ಮುಟ್ಟಿದ ಗೆರೆಯ ಕೆಳಗೆ ಗುಲಾಬಿಯ ರಾಜ್ಯ, ಮೇಲೆ ಕವಳೆಯ ರಾಜ್ಯ. ರಾಯಭಾರಿ ಕೆಳಗಿನದನ್ನು ಬರೆದ. ಮೇಲಿನದು ಬರೆಯುವವರಿಲ್ಲದೆ ಉಳಿಯಿತು.

ಗುಲಾಬಿ ಎಂಬ ನಮ್ಮ ಮಾತನ್ನೂ ಒಂದಿಷ್ಟು ಗಮನಿಸಿ. ಪರ್ಷಿಯನ್ ಭಾಷೆಯಲ್ಲಿ ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಗುಲಾಬ್ ಎಂದರೆ ಪನ್ನೀರು. ಭಟ್ಟಿ ಇಳಿಸಿದ ನೀರಿನ ಹೆಸರು ನಮ್ಮಲ್ಲಿಗೆ ಬಂದು ಹೂವಿಗೆ ಅಂಟಿಕೊಂಡಿತು.

ಈಗ ಕಾಡುಗುಲಾಬಿಗೆ ಬರೋಣ. ಸಸ್ಯಶಾಸ್ತ್ರಜ್ಞರು ರೋಸಾ ಎಂದು ಕರೆಯುವ ಕುಲದಲ್ಲಿ ನೂರೈವತ್ತಕ್ಕೂ ಹೆಚ್ಚು ಕಾಡುಜಾತಿಗಳಿವೆ. ಇವಿಷ್ಟೂ ಹುಟ್ಟಾ ನೆಲೆಸಿರುವುದು ಭೂಮಧ್ಯರೇಖೆಯ ಉತ್ತರಕ್ಕೆ ಮಾತ್ರ. ದಕ್ಷಿಣಾರ್ಧ ಗೋಳದಲ್ಲಿ ಮನುಷ್ಯ ಒಯ್ದು ನೆಟ್ಟದ್ದು ಬಿಟ್ಟರೆ ಒಂದೂ ಇಲ್ಲ. ತೋಟದ ಗುಲಾಬಿಯ ಹತ್ತಾರು ಸುತ್ತಿನ ದಳಗಳನ್ನು ಮರೆತುಬಿಡಿ. ಕಾಡುಗುಲಾಬಿಗೆ ಸಾಮಾನ್ಯವಾಗಿ ಐದೇ ದಳ, ನಡುವೆ ಹಳದಿ ಕೇಸರಗಳ ಗೊಂಚಲು. ಹಲವು ಜಾತಿಗಳು ಒಂದಾಳೆತ್ತರದ ಪೊದೆಗಳು. ಕೆಲವು ಪಕ್ಕದ ಮರಕ್ಕೆ ಕೊಕ್ಕೆಮುಳ್ಳು ಸಿಕ್ಕಿಸಿ ಏರುವ ಬಳ್ಳಿಗಳು. ಹೂವು ಉದುರಿದ ಮೇಲೆ ಕೆಂಪು ಕಾಯಿಯೊಂದು ಉಳಿಯುತ್ತದೆ. ನೋಡಲು ಹಣ್ಣು, ಆದರೆ ಅದು ಹೂವಿನ ಬುಡವೇ ಉಬ್ಬಿ ಆದ ಬಟ್ಟಲು. ನಿಜವಾದ ಕಾಯಿಗಳು ಗಟ್ಟಿ ಬೀಜಗಳಂತೆ ಅದರ ಒಳಗೆ ಅಡಗಿರುತ್ತವೆ.

ನಮ್ಮ ದೇಶದಲ್ಲಿ ಇವುಗಳ ತವರು ಹಿಮಾಲಯ. ಕಾಶ್ಮೀರದಿಂದ ಅರುಣಾಚಲದವರೆಗೆ ಕಣಿವೆಯ ಅಂಚಿನಲ್ಲಿ, ಹೊಲದ ಬೇಲಿಯಲ್ಲಿ ಬಿಳಿ ಹೂವಿನ ಕಸ್ತೂರಿ ಗುಲಾಬಿಯ ಬಳಗವಿದೆ. ಲಡಾಖಿನ ಒಣ ಕಣಿವೆಗಳಲ್ಲಿ ನಸುಗೆಂಪು ಹೂವಿನ ರೋಸಾ ವೆಬಿಯಾನ ಇದೆ. ಮಣಿಪುರದ ಬೆಟ್ಟಗಳಲ್ಲಿ ಜಾರ್ಜ್ ವಾಟ್ 1882ರಲ್ಲಿ ಕಂಡ ರೋಸಾ ಜೈಗಾಂಟಿಯ ಇದೆ. ಕಾಡುಗುಲಾಬಿಗಳಲ್ಲಿ ಅತಿ ದೊಡ್ಡ ಹೂವು ಬಿಡುವವುಗಳಲ್ಲಿ ಅದೊಂದು. ದಕ್ಷಿಣಕ್ಕೆ ಬಂದರೆ ನೀಲಗಿರಿ ಮತ್ತು ಪಳನಿ ಬೆಟ್ಟಗಳ ಶೋಲಾ ಕಾಡಿನಂಚಿನಲ್ಲಿ ರೋಸಾ ಲೆಶನಾಲ್ಟಿಯಾನ ಎಂಬ ಬಿಳಿ ಹೂವಿನ ಹಂಬು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಗಿಡ ಸಂಗ್ರಹಿಸಿದ ಫ್ರೆಂಚ್ ಸಸ್ಯವಿಜ್ಞಾನಿ ಲೆಶನಾಲ್ಟನ ಹೆಸರನ್ನು ಅದು ಹೊತ್ತಿದೆ. ನಮಗೆ ಎಲ್ಲಕ್ಕಿಂತ ಹತ್ತಿರದ ಕಾಡುಗುಲಾಬಿ ಎಂದರೆ ಇದೇ. ಹತ್ತಿರ ಎಂದೆ, ಆದರೆ ನಡುವೆ ನೂರಾರು ಕಿಲೋಮೀಟರಿನ ಬಿಸಿ ಬಯಲು ಮಲಗಿದೆ.

ಆ ಬಿಸಿಯೇ ಕಾರಣ. ಬಹುಪಾಲು ಕಾಡುಗುಲಾಬಿಗಳ ಬೀಜ ಉದುರಿದ ಕೂಡಲೇ ಮೊಳೆಯುವುದಿಲ್ಲ. ಒದ್ದೆಯಾದ ತಣ್ಣನೆಯ ನೆಲದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಲಗಿದರೆ ಮಾತ್ರ ಅದರ ನಿದ್ದೆ ಬಿಡುತ್ತದೆ. ಚಳಿಗಾಲ ಕಳೆಯಿತು, ಇನ್ನು ಹೊರಬರಬಹುದು ಎಂಬ ಲೆಕ್ಕ ಬೀಜದೊಳಗೇ ಇದೆ. ನಮ್ಮ ಸೀಮೆಯಲ್ಲಿ ಆ ಚಳಿಯೂ ಇಲ್ಲ, ಚಳಿಯ ಕಾಲದಲ್ಲಿ ನೆಲದಲ್ಲಿ ತೇವವೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಅದೂ ಹೆಚ್ಚಾಗಿ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬಿಸಿ ತಾಳುವ ಕಾಡುಗುಲಾಬಿಯೂ ಒಂದಿದೆ, ಇಲ್ಲವೆನ್ನಲಾರೆ. ರೋಸಾ ಕ್ಲೈನೊಫಿಲ ಎಂಬುದು ಬಂಗಾಳದ ತಗ್ಗುನೆಲದಲ್ಲಿ, ಹೊಳೆದಂಡೆಯಲ್ಲಿ ಬೆಳೆಯುತ್ತದೆ. ಕೊಡೈಕನಾಲಿನ ಗುಲಾಬಿ ತಳಿಗಾರ ವೀರು ವೀರರಾಘವನ್ ಬಿಸಿನಾಡಿಗೆ ಒಗ್ಗುವ ತಳಿಗಳನ್ನು ಮಾಡಲು ಇದನ್ನೂ ಮಣಿಪುರದ ಗುಲಾಬಿಯನ್ನೂ ಬಳಸಿಕೊಂಡರು. ಆದರೆ ಕ್ಲೈನೊಫಿಲಕ್ಕೆ ಬುಡದಲ್ಲಿ ನೀರು ಬೇಕು. ಪಾಪಿನಾಯಕನಹಳ್ಳಿಯ ಗುಡ್ಡ ಕೊಡಲಾರದ ವಸ್ತು ಅದೊಂದೇ.

ಇಲ್ಲಿಗೆ ಗುಲಾಬಿಯನ್ನು ಬಿಟ್ಟು ಕವಳೆಯ ಹತ್ತಿರ ಹೋಗೋಣ.

ಕವಳೆ ಗುಲಾಬಿಯ ನೆಂಟನಲ್ಲ. ಅದು ಕಣಗಿಲೆಯ ಮನೆಯದು. ಕಣಗಿಲೆ, ದೇವಕಣಗಿಲೆ, ನಿತ್ಯಪುಷ್ಪಗಳ ಕುಟುಂಬವಾದ ಅಪೋಸೈನೇಸಿಗೆ ಸೇರಿದ್ದು. ಎಲೆ ಚಿವುಟಿದರೆ ಬಿಳಿ ಹಾಲು ಜಿನುಗುವುದು ಆ ಮನೆತನದ ಗುರುತು. ಗುಡ್ಡದಲ್ಲಿ ತಾನಾಗಿ ಬೆಳೆಯುವುದು ಕರಿಸ್ಸಾ ಸ್ಪೈನಾರಮ್. ತೋಟದ ಬೇಲಿಗೆ ನೆಡುವ, ಸ್ವಲ್ಪ ದೊಡ್ಡ ಕಾಯಿಯದು ಕರಿಸ್ಸಾ ಕರಂಡಸ್. ಕರಂಡೆ, ಕರ್ಜಿ, ಗರ್ಜಿ ಎಂದು ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಕರಮರ್ದ. ಸುಶ್ರುತನು ಮುಳ್ಳಿನ ಐದು ಗಿಡಗಳ ಬೇರುಗಳನ್ನು ಕಂಟಕ ಪಂಚಮೂಲ ಎಂದು ಒಟ್ಟಿಗೆ ಹೇಳಿದ್ದಾನೆ, ಅದರಲ್ಲಿ ಕರಮರ್ದವೂ ಒಂದು. ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ: ಹಣ್ಣು ತಿನ್ನಿ, ಬೇರನ್ನು ಬಾಯಿಗಿಡಬೇಡಿ. ಹೃದಯದ ಬಡಿತದ ಮೇಲೆ ಪರಿಣಾಮ ಮಾಡುವ ದ್ರವ್ಯಗಳು ಅದರಲ್ಲಿವೆ. ಅದನ್ನು ತಿಳಿದ ವೈದ್ಯರಿಗೆ ಬಿಡಿ.

ಇದು ವರ್ಷವಿಡೀ ಹಸಿರಾಗಿರುವ ಪೊದೆ. ಮೊಣಕಾಲೆತ್ತರದಿಂದ ಹಿಡಿದು ಎರಡಾಳೆತ್ತರದವರೆಗೆ, ನೆಲ ಎಷ್ಟು ಕೊಟ್ಟರೆ ಅಷ್ಟು. ಎಲೆಗಳು ಎದುರುಬದುರಾಗಿ ಜೋಡಿಜೋಡಿ, ತೊಗಲಿನಂತೆ ದಪ್ಪ, ಮೇಲೆ ಎಣ್ಣೆ ಸವರಿದ ಹೊಳಪು. ಮಾರ್ಚ್ ತಿಂಗಳಲ್ಲಿ ಸುತ್ತಲ ಗುಡ್ಡವೆಲ್ಲ ಬೂದು ಕಡ್ಡಿಗಳಾಗಿ ನಿಂತಾಗ ಅಲ್ಲಲ್ಲಿ ಕಪ್ಪು ಹಸಿರಿನ ಗುಡ್ಡೆಗಳು ಕಂಡರೆ ಅದರಲ್ಲಿ ಕವಳೆ ಇರುತ್ತದೆ ಎಂದು ದೂರದಿಂದಲೇ ಹೇಳಬಹುದು. ಆ ದಪ್ಪ ಎಲೆ, ಆ ಹೊಳಪು, ಎರಡೂ ನೀರನ್ನು ಹಿಡಿದಿಡುವ ಉಪಾಯಗಳು.

ಮುಳ್ಳಿನ ಬಗ್ಗೆ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಮುಳ್ಳೆಲ್ಲ ಒಂದೇ ಎಂದು ನಾವು ತಿಳಿದಿರುತ್ತೇವೆ. ಗುಲಾಬಿಯ ಮುಳ್ಳನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡಿ, ಚಟಕ್ಕನೆ ಕಳಚಿ ಬರುತ್ತದೆ. ಬಂದ ಜಾಗದಲ್ಲಿ ನುಣ್ಣನೆಯ ಕಲೆ ಮಾತ್ರ. ಏಕೆಂದರೆ ಅದು ಸಿಪ್ಪೆಯ ಮೇಲೆ ಎದ್ದ ಮುಳ್ಳು, ಒಳಗಿನ ಕಟ್ಟಿಗೆಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಬಾರಿ ಗಿಡದ, ಜಾಲಿಯ ಮುಳ್ಳು ಇನ್ನೊಂದು ಬಗೆ. ಎಲೆಯ ಬುಡದಲ್ಲಿ ಎರಡು ಕಿವಿಗಳಂತೆ ಇರುವ ಪುಟ್ಟ ಭಾಗಗಳೇ ಅಲ್ಲಿ ಗಟ್ಟಿಯಾಗಿ ಮುಳ್ಳಾಗಿವೆ. ಕವಳೆಯದು ಮೂರನೆಯ ಬಗೆ. ಅಲ್ಲಿ ಒಂದು ಕೊಂಬೆಯೇ ಬೆಳೆಯುವುದನ್ನು ನಿಲ್ಲಿಸಿ ಮುಳ್ಳಾಗುತ್ತದೆ. ಗೆಣ್ಣಿನಲ್ಲಿ ಜೋಡಿಯಾಗಿ ನಿಲ್ಲುತ್ತದೆ, ಕೆಲವೊಮ್ಮೆ ತಾನೂ ಕವಲಾಗುತ್ತದೆ. ಅದರೊಳಗೆ ಕಟ್ಟಿಗೆಯಿದೆ, ನೀರು ಸಾಗುವ ನಾಳಗಳಿವೆ. ಕಿತ್ತರೆ ಬರುವುದಿಲ್ಲ, ಮುರಿಯಬೇಕು. ಚಪ್ಪಲಿಯ ಅಟ್ಟೆಯನ್ನು ತೂರಿ ಪಾದ ಮುಟ್ಟಿದ ಮುಳ್ಳಿನ ನೆನಪು ಈ ಸಭೆಯಲ್ಲಿ ಹಲವರಿಗೆ ಇದ್ದೇ ಇರುತ್ತದೆ. ಹೂವಿಗೆ, ಹಣ್ಣಿಗೆ ಆಗಬಹುದಾಗಿದ್ದ ಕೊಂಬೆಯನ್ನು ಗಿಡ ಕಾವಲಿಗೆ ಕೊಟ್ಟಿದೆ. ಆ ಕಾವಲಿನ ಲಾಭ ಗಿಡಕ್ಕೆ ಮಾತ್ರವಲ್ಲ ಎಂಬುದನ್ನು ಮುಂದೆ ನೋಡುತ್ತೇವೆ.

ಹೂವು ಬೇಸಿಗೆಯಲ್ಲಿ. ಮೊಗ್ಗಿನ ಹೊರಮೈಗೆ ನಸುಗೆಂಪು, ಅರಳಿದಾಗ ಬಿಳಿ. ಗುಲಾಬಿಯಂತೆ ಐದು ದಳ, ಆದರೆ ಇಲ್ಲಿ ದಳಗಳು ಬಿಡಿಬಿಡಿಯಲ್ಲ. ಕೆಳಗೆ ಕೂಡಿಕೊಂಡು ಸಣ್ಣ ಕೊಳವೆಯಾಗಿ ಮೇಲೆ ನಕ್ಷತ್ರದಂತೆ ಬಿಚ್ಚಿಕೊಳ್ಳುತ್ತವೆ. ಪರಿಮಳ ಮಲ್ಲಿಗೆಯದು. ಸಂಜೆಯಾದಂತೆ ಗುಡ್ಡದ ಬಂಡೆಗಳು ಕಾವು ಬಿಡುತ್ತಿರುವಾಗ ಆ ಗಾಳಿಯಲ್ಲಿ ಕವಳೆಯ ವಾಸನೆ ಇಳಿದುಬರುವುದನ್ನು ಪಾಪಿನಾಯಕನಹಳ್ಳಿಯ ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಬಾಲ್ಯದಲ್ಲಿ ಅನುಭವಿಸಿದ್ದೇನೆ.

ಹಣ್ಣು ಮೊದಲು ಹಸಿರು, ಆಮೇಲೆ ಕೆಂಪು, ಆಮೇಲೆ ನೇರಳೆಗಪ್ಪು. ಗುಲಾಬಿಯದು ತೋರಿಕೆಯ ಹಣ್ಣು ಎಂದೆನಲ್ಲ, ಕವಳೆಯದು ನಿಜವಾದ ಹಣ್ಣು, ತಿರುಳಿನೊಳಗೆ ನೇರವಾಗಿ ಬೀಜ. ರೋಹಿಣಿ ಮಳೆ ಹನಿದು ಮೃಗಶಿರ ಹಿಡಿಯುವ ಹೊತ್ತಿಗೆ, ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸುವ ದಿನಗಳಲ್ಲಿ, ಅದು ಕಪ್ಪಾಗುತ್ತದೆ. ನಮ್ಮಜ್ಜಿ ಹಸಿರು ಕಾಯಿಯನ್ನು ಕಿತ್ತ ತಕ್ಷಣ ಉಪ್ಪುನೀರಿಗೆ ಹಾಕುತ್ತಿದ್ದಳು. ಹಾಲು ಬಿಡಲಿ ಎಂದು. ಒಂದು ರಾತ್ರಿ ಕಳೆದ ಮೇಲೆ ಜಜ್ಜಿ, ಖಾರ ಮೆಂತ್ಯ ಬೆರೆಸಿ ಉಪ್ಪಿನಕಾಯಿ. ಕಳಿತ ಹಣ್ಣು ಮಾತ್ರ ಮನೆಯವರೆಗೆ ಬರುತ್ತಿರಲಿಲ್ಲ, ಅಂಗಿಯ ಜೇಬಿನಲ್ಲೇ ಮುಗಿಯುತ್ತಿತ್ತು, ಜೇಬಿನ ಕಲೆ ಬಹಳ ದಿನ ಉಳಿಯುತ್ತಿತ್ತು. ಹುಳಿ, ಸಿಹಿ, ಕೊನೆಯಲ್ಲಿ ನಾಲಗೆಗೆ ಅಂಟುವ ಒಂದಿಷ್ಟು ಒಗರು. ಈ ಕಾಯಿಯಲ್ಲಿ ಪೆಕ್ಟಿನ್ ಹೆಚ್ಚಾಗಿರುವುದರಿಂದ ಜೆಲ್ಲಿ ಚೆನ್ನಾಗಿ ಹೆಪ್ಪುಗಟ್ಟುತ್ತದೆ. ಬೇಕರಿಯ ಕೇಕಿನ ಮೇಲೆ ಕೂತಿರುವ ಕೆಂಪು ಚೆರ್ರಿ ಎಷ್ಟೋ ಸಲ ಚೆರ್ರಿಯಲ್ಲ, ಸಕ್ಕರೆಪಾಕದಲ್ಲಿ ಬೇಯಿಸಿ ಬಣ್ಣ ಹಾಕಿದ ಕರಂಡೆಕಾಯಿ. ನಮ್ಮ ಬೇಲಿಯ ಕಾಯಿ ಬೇರೆ ಹೆಸರಿಟ್ಟುಕೊಂಡು ನಮ್ಮ ಹುಟ್ಟುಹಬ್ಬಗಳಿಗೆ ಬರುತ್ತಿದೆ.

ಕವಳೆಯ ಮೈ ನೋಡಿದ್ದಾಯಿತು. ಈಗ ಅದು ನಿಂತ ನೆಲಕ್ಕೆ ಬರುತ್ತೇನೆ.

ನಮ್ಮ ಸೀಮೆಯಲ್ಲಿ ಮೂರು ಬಗೆಯ ನೆಲ ಒಂದಕ್ಕೊಂದು ಮೈತಾಗಿಸಿಕೊಂಡಿವೆ. ಹಂಪಿ, ಕಮಲಾಪುರದ ಕಡೆ ಕಣಶಿಲೆಯ ಬಂಡೆಗುಡ್ಡಗಳು, ಸುಮಾರು 250 ಕೋಟಿ ವರ್ಷ ಹಳೆಯವು. ಬಂಡೆ ಸವೆದು ಉದುರಿದ ಗರಸು ಸಂದುಗಳಲ್ಲಿ ತುಂಬಿಕೊಂಡಿರುತ್ತದೆ. ಸಂಡೂರಿನ ಕಡೆ ಅದಕ್ಕಿಂತಲೂ ಹಳೆಯ, ಕಬ್ಬಿಣದ ಅದಿರಿನ ಕೆಂಪು ಬೆಟ್ಟಸಾಲು. ಕುಮಾರಸ್ವಾಮಿ ಗುಡಿಯಿರುವ ಸಾಲು ಅದು. ಕಂಪ್ಲಿಯ ಕಡೆ ಇಳಿದರೆ ನದಿಯ ಬಯಲು, ಎರೆಮಣ್ಣು, ಕಾಲುವೆ, ಭತ್ತದ ಗದ್ದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಆ ಬಯಲಿನ ಮುಖವೇ ಬದಲಾಯಿತು. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರಸ್ತೆ ಮತ್ತು ರೈಲು ದಾರಿಯ ಮೇಲಿರುವ ಪಾಪಿನಾಯಕನಹಳ್ಳಿಯಿಂದ ಹೊರಟವನು ಒಂದೇ ದಿನದಲ್ಲಿ ಈ ಮೂರನ್ನೂ ಮುಟ್ಟಿ ಬರಬಹುದು.

ಈ ಮೂರರಲ್ಲಿ ಕವಳೆ ಎರಡನ್ನು ಒಪ್ಪಿಕೊಂಡಿದೆ. ಬಂಡೆಸಂದಿನ ಗರಸು ಅದಕ್ಕೆ ಪ್ರಿಯ. ರಾತ್ರಿ ಬಿದ್ದ ಮಳೆ ಬಂಡೆಯ ಮೈಮೇಲೆ ಜಾರಿ ಬುಡಕ್ಕೆ ಇಳಿಯುತ್ತದೆ. ಬಂಡೆಯ ನೆರಳಿನಲ್ಲಿ ತೇವ ನಾಲ್ಕು ದಿನ ಹೆಚ್ಚಿಗೆ ಉಳಿಯುತ್ತದೆ. ಕೆಂಪು ಬೆಟ್ಟದ ಇಳಿಜಾರಿನಲ್ಲೂ ಅದು ನಿಲ್ಲುತ್ತದೆ, ಅಲ್ಲಿ ಮಣ್ಣು ಗೇಣುದ್ದವಿಲ್ಲದಿದ್ದರೂ ಅದಿರುಗಲ್ಲಿನ ಬಿರುಕುಗಳಲ್ಲಿ ಬೇರು ಆಳಕ್ಕೆ ಹೋಗುತ್ತದೆ. ಬೇಡವೆನ್ನುವುದು ನೀರು ನಿಲ್ಲುವ ಎರೆಯನ್ನು ಮಾತ್ರ. ಬಿಸಿಲಿಗೆ ಬಿರಿದು ಮಳೆಗೆ ಊದುವ ಆ ಮಣ್ಣು ಅದರ ಬೇರಿಗೆ ಒಗ್ಗುವುದಿಲ್ಲ. ಹಾಗೆಯೇ ದಟ್ಟ ನೆರಳೂ ಅದಕ್ಕೆ ಬೇಡ. ನೆರಳಿದ್ದರೆ ಬದುಕುತ್ತದೆ, ಹೂವು ಕಡಿಮೆ ಬಿಡುತ್ತದೆ. ಗುಲಾಬಿ ಭೂಮಧ್ಯರೇಖೆಯನ್ನು ದಾಟಲಿಲ್ಲ ಎಂದೆ. ಗುಡ್ಡದ ಕವಳೆ ದಾಟಿದೆ. ಆಫ್ರಿಕದಿಂದ ಅರೇಬಿಯ, ಭಾರತದ ಮೂಲಕ ಆಸ್ಟ್ರೇಲಿಯದವರೆಗೆ ಒಣನಾಡುಗಳಲ್ಲಿ ಅದು ಹಬ್ಬಿಕೊಂಡಿದೆ. ಆಸ್ಟ್ರೇಲಿಯದ ಮೂಲನಿವಾಸಿಗಳೂ ಅದರ ಹಣ್ಣು ತಿನ್ನುತ್ತ ಬಂದವರು. ಕಷ್ಟದ ನೆಲ ಎಂದು ನಾವು ಕರೆಯುವುದು ಈ ಗಿಡದ ಲೆಕ್ಕದಲ್ಲಿ ಸ್ವಂತ ಮನೆ.

ಅದು ಒಂಟಿಯಾಗಿ ಇರುವುದು ಅಪರೂಪ. ಒಂದು ಕವಳೆಯ ಪೊದೆಯ ಸುತ್ತ ಬಂದರಿಕೆ, ತಂಗಡಿ, ಕಾರೆ, ಪರಗಿ, ಬಾರಿ, ಸೀತಾಫಲ ಒತ್ತಾಗಿ ನಿಂತಿರುತ್ತವೆ. ಕಕ್ಕೆಯ ಮರವೊಂದು ಒಳಗಿನಿಂದ ತಲೆ ಎತ್ತಿರುತ್ತದೆ. ನಾವು ಇದನ್ನು ಕುರುಚಲು ಎನ್ನುತ್ತೇವೆ. ಸರ್ಕಾರಿ ದಾಖಲೆಗಳಲ್ಲಿ ಇಂಥ ಎಷ್ಟೋ ನೆಲ ಬಂಜರು, ಬೀಳು ಎಂಬ ಹೆಸರಿನಲ್ಲಿದೆ. ಈ ಎರಡು ಪದಗಳು ನಮ್ಮ ಗುಡ್ಡಗಳಿಗೆ ಮಾಡಿದ ಹಾನಿ ಸಣ್ಣದಲ್ಲ. ಬಂಜರು ಎಂದು ಕರೆದ ಮೇಲೆ ಅದನ್ನು ಏನು ಮಾಡಿದರೂ ಸರಿ ಎಂಬ ಧೈರ್ಯ ಬರುತ್ತದೆ.

ಬಂಜರೇ ಎಂಬುದನ್ನು ಕರಡಿಯನ್ನು ಕೇಳಬೇಕು. ಹಂಪಿಗೂ ಸಂಡೂರಿಗೂ ನಡುವಿನ ಬಿಳಿಕಲ್ಲು ಕಾಯ್ದಿಟ್ಟ ಅರಣ್ಯದಲ್ಲಿ 1994ರಲ್ಲಿ ದರೋಜಿ ಕರಡಿಧಾಮವಾಯಿತು. ಬಂಡೆಗವಿಗಳಲ್ಲಿ ಮಲಗಿ ಸಂಜೆ ಇಳಿಯುವ ನಮ್ಮ ಕರಡಿಗಳಿಗೆ ಗೆದ್ದಲು, ಜೇನು ಎಷ್ಟು ಮುಖ್ಯವೋ ಹಣ್ಣೂ ಅಷ್ಟೇ ಮುಖ್ಯ. ಕವಳೆ, ಬಾರಿ, ಜಾನಿ, ಕಕ್ಕೆ, ಒಂದಾದ ಮೇಲೊಂದು ಕಳಿಯುತ್ತ ಹೋಗುವುದರಿಂದ ವರ್ಷದ ಕಷ್ಟದ ತಿಂಗಳುಗಳು ದಾಟುತ್ತವೆ. ಕರಡಿ ಹಣ್ಣನ್ನು ನುಂಗುತ್ತದೆ, ಬೀಜವನ್ನು ಅಗಿಯುವುದಿಲ್ಲ. ಮಳೆ ಬಿದ್ದ ಮೇಲೆ ಕರಡಿಯ ಹಿಕ್ಕೆಯಲ್ಲಿ ಸಾಲುಸಾಲಾಗಿ ಎದ್ದ ಎಳೆ ಸಸಿಗಳನ್ನು ನಾನು ವಿದ್ಯಾರ್ಥಿಗಳಿಗೆ ತೋರಿಸಿದ್ದೇನೆ. ಗೊಬ್ಬರದ ಸಮೇತ ಬಿತ್ತನೆ ಅದು. ಸಣ್ಣ ಪ್ರಮಾಣದಲ್ಲಿ ಇದೇ ಕೆಲಸವನ್ನು ಪಿಕಳಾರ ಹಕ್ಕಿಗಳು, ನರಿ, ಪುನುಗಿನ ಬೆಕ್ಕು ಮಾಡುತ್ತವೆ. ಪಿಕಳಾರಗಳಲ್ಲಿ ಹಳದಿ ಕೊರಳಿನದೊಂದಿದೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು. ದರೋಜಿಯಲ್ಲೂ ಸಂಡೂರಿನಲ್ಲೂ ಅದನ್ನು ನೋಡಲು ದೂರದ ಊರುಗಳಿಂದ ಜನ ಬರುತ್ತಾರೆ. ಆ ಹಕ್ಕಿಗೆ ಬೇಕಾದದ್ದು ದೊಡ್ಡ ಕಾಡಲ್ಲ. ಬಂಡೆ, ಪೊದೆ, ಪೊದೆಯಲ್ಲಿ ಹಣ್ಣು.

ಮನುಷ್ಯರೂ ಈ ಲೆಕ್ಕದಲ್ಲಿದ್ದಾರೆ. ಕುರಿದೊಡ್ಡಿಗೆ ಕವಳೆಯ ಕೊಂಬೆ ಕಡಿದು ಸುತ್ತ ಹಾಕಿದರೆ ತೋಳ ಒಳಗೆ ಬರುವುದಿಲ್ಲ. ಹೊಲದ ಬದುವಿಗೆ ಜೀವಂತ ಬೇಲಿ ಬೇಕಾದರೆ ಕವಳೆಯನ್ನು ನೆಟ್ಟರೆ ಸಾಕು, ಮತ್ತೆ ಮತ್ತೆ ಕಟ್ಟಬೇಕಾಗಿಲ್ಲ. ಮಳೆಗಾಲದ ಮೊದಲಲ್ಲಿ ಹೊಸಪೇಟೆಯ ಬೀದಿಬದಿಯಲ್ಲಿ ಹೆಂಗಸರು ಬುಟ್ಟಿಯಲ್ಲಿ ಎಲೆ ಹಾಸಿ ಈ ಹಣ್ಣನ್ನು ಪಾವಿನಲ್ಲಿ ಅಳೆದು ಮಾರುತ್ತಿದ್ದರು. ಈಗ ಆ ಬುಟ್ಟಿಗಳು ಕಡಿಮೆಯಾಗಿವೆ.

ಇಲ್ಲಿಂದ ನನ್ನ ಮಾತು ಗಣಿಯ ಕಡೆಗೆ ತಿರುಗುತ್ತದೆ.

ಈ ಸಭೆಯಲ್ಲಿ ಗಣಿಯ ಕಾಲವನ್ನು ವಿವರಿಸಬೇಕಾಗಿಲ್ಲ. ಲಾರಿಗಳ ಸಾಲು, ಎಲೆಯ ಮೇಲೆ, ಅನ್ನದ ತಟ್ಟೆಯ ಮೇಲೆ ಕೂತ ಕೆಂಪು ಧೂಳು ನಮ್ಮೆಲ್ಲರ ನೆನಪಿನಲ್ಲಿದೆ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈನಲ್ಲಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಮೂರು ವರ್ಗ ಮಾಡಿ, ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಗಳನ್ನು ಗಣಿ ಮತ್ತೆ ನಡೆಯುವುದರ ಜತೆಗೆ ಕಟ್ಟಿಹಾಕಿತು. ಅಲ್ಲಿಂದೀಚೆಗೆ ಗುಡ್ಡಗಳಲ್ಲಿ ಗಿಡ ನೆಡುವ ಮಾತು ನಡೆಯುತ್ತಲೇ ಇದೆ.

ಧೂಳು ಗಿಡಕ್ಕೆ ಏನು ಮಾಡುತ್ತದೆ ಎಂಬುದನ್ನು ಸಸ್ಯಶಾಸ್ತ್ರದ ಮೇಷ್ಟ್ರಾಗಿ ಹೇಳಬೇಕು. ಎಲೆಯ ಮೇಲೆ ಪದರವಾಗಿ ಕೂತಾಗ ಬೆಳಕು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಉಸಿರಾಡುವ ಸೂಕ್ಷ್ಮ ರಂಧ್ರಗಳು ಮುಚ್ಚುತ್ತವೆ. ಎಲೆ ಹೆಚ್ಚು ಕಾಯುತ್ತದೆ. ಒರಟು ಎಲೆ, ರೋಮವಿರುವ ಎಲೆ ಧೂಳನ್ನು ಹಿಡಿದುಕೊಳ್ಳುತ್ತದೆ. ಕವಳೆಯ ನುಣುಪು ಎಲೆಯನ್ನು ಒಂದು ಮಳೆ ತೊಳೆದುಬಿಡುತ್ತದೆ. ಲಾರಿ ದಾರಿಯ ಪಕ್ಕದಲ್ಲೂ ಅದು ಉಳಿದುಕೊಂಡದ್ದನ್ನು ನಾನು ಕಂಡಿದ್ದೇನೆ. ಆದರೆ ಹೂವಿನ ಕೊಳವೆಯೊಳಗೆ ಇಳಿದ ಧೂಳನ್ನು ಮಳೆ ತೊಳೆಯುವುದಿಲ್ಲ. ಕವಳೆ ಹೂಬಿಡುವುದೇ ಮಳೆಯಿಲ್ಲದ ತಿಂಗಳಲ್ಲಿ. ಗಿಡ ಹಸಿರಾಗಿದೆ ಎಂದು ಸಮಾಧಾನ ಪಡುವ ಮುನ್ನ ಅದು ಕಾಯಿ ಕಟ್ಟಿದೆಯೇ ಎಂದು ನೋಡಬೇಕು.

ಅಗೆದು ಸುರಿದ ಕಲ್ಲುಮಣ್ಣಿನ ದಿಬ್ಬಗಳ ಮೇಲೆ ಏನು ನೆಡಬೇಕು? ಬೇಗ ಬೆಳೆಯುವ ಮರಗಳನ್ನು ಸಾಲಾಗಿ ನೆಟ್ಟು, ಮೂರು ವರ್ಷ ನೀರು ಹಾಕಿ, ಎತ್ತರ ಅಳೆದು ಲೆಕ್ಕ ಕೊಡುವುದು ಸುಲಭ. ಬಳ್ಳಾರಿ ಜಾಲಿಯಂತೂ ಯಾರೂ ನೆಡದೆಯೇ ಬರುತ್ತದೆ. ನಮ್ಮ ಸೀಮೆಯ ಹೆಸರು ಹೊತ್ತ ಆ ಗಿಡ ನಮ್ಮದಲ್ಲ, ಅಮೆರಿಕ ಖಂಡದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ಸೌದೆಗಾಗಿ ತಂದದ್ದು. ಸೌದೆ ಕೊಟ್ಟಿತು, ನಿಜ, ಬಡವರ ಒಲೆ ಉರಿಯಿತು. ಆದರೆ ಅದರ ಬುಡದಲ್ಲಿ ಬೇರೆ ಸಸಿ ಏಳುವುದು ಕಷ್ಟ.

ಕವಳೆಯ ಬುಡದಲ್ಲಿ ಏಳುತ್ತದೆ. ಇದನ್ನು ನನಗೆ ಮೊದಲು ಕಲಿಸಿದ್ದು ಪುಸ್ತಕವಲ್ಲ, ಪಾಪಿನಾಯಕನಹಳ್ಳಿಯ ಗುಡ್ಡದಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಹಿರಿಯರು. ಹಾದಿಗೆ ಅಡ್ಡ ಬಂದ ಪೊದೆಯನ್ನು ನಾನು ಬೈದುಕೊಳ್ಳುತ್ತಿದ್ದಾಗ ಅವರು ಕೋಲಿನಿಂದ ಕೊಂಬೆ ಸರಿಸಿ ಒಳಗೆ ತೋರಿಸಿದರು. “ಮುಳ್ಳೈತಿ ಅಂತ ಬೈಬ್ಯಾಡ್ರಿ ಸರ. ನೋಡ್ರಿ, ಒಳಗ ಕಮರದ ಸಸಿ ಐತಿ. ನನ್ನ ಆಡು ಇಲ್ಲೀತನ ಬಾಯಿ ಹಾಕಾಕ ಆಗಂಗಿಲ್ಲ.” ಬಗ್ಗಿ ನೋಡಿದೆ. ಮೊಣಕಾಲುದ್ದದ ಕಮರದ ಸಸಿ, ಪಕ್ಕದಲ್ಲಿ ಬೇವಿನದೊಂದು. ಸುತ್ತ ಬಯಲಿನಲ್ಲಿ ಎಲ್ಲೂ ಸಸಿಯಿಲ್ಲ. ಮುಳ್ಳು ಆಡಿನ ಬಾಯಿಯನ್ನು ತಡೆದಿತ್ತು. ಎಲೆಯ ನೆರಳು ನೆಲದ ಕಾವನ್ನು ತಗ್ಗಿಸಿತ್ತು. ಉದುರಿದ ಎಲೆ ಮಣ್ಣಾಗಿ, ಗಾಳಿಗೆ ಹಾರಿಬಂದ ಹೂಳು ಅಲ್ಲೇ ನಿಂತು, ಒಂದು ಬೊಗಸೆ ಕಪ್ಪು ಮಣ್ಣು ತಯಾರಾಗಿತ್ತು. ಕೊಂಬೆಯ ಮೇಲೆ ಕೂತ ಹಕ್ಕಿ ಬೇವಿನ ಬೀಜವನ್ನು ಅಲ್ಲೇ ಬೀಳಿಸಿತ್ತು. ಇಂಥ ಪೊದೆಗೆ ಪರಿಸರಶಾಸ್ತ್ರದಲ್ಲಿ ದಾದಿಗಿಡ ಎಂಬ ಅರ್ಥದ ಹೆಸರಿದೆ. ಒಣನಾಡುಗಳ ಕಾಡು ಮರಳಿ ಬರುವ ದಾರಿಗಳಲ್ಲಿ ಇದು ಬಹಳ ಮುಖ್ಯವಾದದ್ದು ಎಂದು ಈಗ ಎಲ್ಲ ಕಡೆ ಒಪ್ಪುತ್ತಾರೆ. ಆ ಹಿರಿಯರು ಅದನ್ನು ಕೋಲಿನ ತುದಿಯಲ್ಲಿ ತೋರಿಸಿದರು.

ಆದ್ದರಿಂದ ಈ ವೇದಿಕೆಯಿಂದ ನಾನು ಕೇಳಿಕೊಳ್ಳುವುದು ಇಷ್ಟು. ಗುಡ್ಡವನ್ನು ಸರಿಪಡಿಸುವ ಕೆಲಸದಲ್ಲಿ ಮರಕ್ಕಿಂತ ಮೊದಲು ಪೊದೆಗೆ ಜಾಗ ಕೊಡಿ. ದಿಬ್ಬದ ಇಳಿಜಾರಿನಲ್ಲಿ ಕವಳೆ, ಬಂದರಿಕೆ, ತಂಗಡಿ, ಕಾರೆ, ಬಾರಿ ಮೊದಲು ಬರಲಿ. ಅವು ನೆಲ ಹಿಡಿಯಲಿ, ಹಕ್ಕಿಯನ್ನು ಕರೆಯಲಿ. ಅವುಗಳ ಮಡಿಲಿನಲ್ಲಿ ಕಮರ, ದಿಂಡಲು, ತೂಬರ, ಕಕ್ಕೆಯ ಬೀಜ ಇಡಿ. ಸಾಲು ಕಾಣುವುದಿಲ್ಲ, ಮೊದಲ ಐದು ವರ್ಷ ಫೋಟೋದಲ್ಲಿ ಚೆಂದವೂ ಕಾಣುವುದಿಲ್ಲ. ಹೊಸ ದಿಬ್ಬಕ್ಕೆ ಹೋಗುವುದಕ್ಕೆ ಮುಂಚೆ, ಇನ್ನೂ ಉಳಿದಿರುವ ಹಳೆಯ ಪೊದೆಗಳನ್ನು ಸ್ವಚ್ಛತೆಯ ಹೆಸರಿನಲ್ಲಿ, ಗುಂಡಿ ತೋಡುವ ಹೆಸರಿನಲ್ಲಿ ಬುಲ್ಡೋಜರಿಗೆ ಕೊಡುವುದನ್ನು ನಿಲ್ಲಿಸಿ. ಗಿಡ ನೆಡಲೆಂದು ಗಿಡ ಕೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದಿನ ನನಗೆ ಊಟ ಸೇರಲಿಲ್ಲ.

ಬೆಳೆಸುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕವಳೆಯ ಬೀಜ ಗುಲಾಬಿಯದರ ತದ್ವಿರುದ್ಧ. ಚಳಿಯಲ್ಲಿ ಮಲಗುವುದು ಅದಕ್ಕೆ ಗೊತ್ತಿಲ್ಲ. ಒಣಗಿಸಿ ಡಬ್ಬಿಯಲ್ಲಿಟ್ಟರೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಆದ್ದರಿಂದ ಪೂರ್ತಿ ಕಪ್ಪಾದ ಹಣ್ಣನ್ನು ಆರಿಸಿ, ತಿರುಳನ್ನು ನೀರಿನಲ್ಲಿ ಕಿವುಚಿ ತೆಗೆದು, ಬೀಜವನ್ನು ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕು. ಗರಸು, ಕೆಮ್ಮಣ್ಣು, ಸ್ವಲ್ಪ ಹಟ್ಟಿಗೊಬ್ಬರ, ಇಷ್ಟು ಸಾಕು. ನೀರು ನಿಲ್ಲದಂತೆ ಚೀಲದ ತಳಕ್ಕೆ ತೂತಿರಲಿ. ಮೊದಲ ವರ್ಷ ಸಸಿ ಬಹಳ ನಿಧಾನ, ಮೇಲೆ ಏನೂ ಆಗುತ್ತಿಲ್ಲ ಎನಿಸುತ್ತದೆ. ಆ ಹೊತ್ತಿನಲ್ಲಿ ಅದು ಕೆಳಗೆ ಬೇರು ಬಿಡುತ್ತಿರುತ್ತದೆ. ಮರುವರ್ಷದ ಮಳೆಗೆ ಗುಡ್ಡಕ್ಕೆ ಒಯ್ಯಬಹುದು.

ಈ ಸಲದ ಕಾರಹುಣ್ಣಿಮೆ ಕಳೆದ ಮೊದಲ ಭಾನುವಾರ ನಾನು ಪಾಪಿನಾಯಕನಹಳ್ಳಿ ನಿಲ್ದಾಣದ ಹಿಂದಿನ ಗುಡ್ಡಕ್ಕೆ ಹಣ್ಣು ಆರಿಸಲು ಹೋಗುತ್ತೇನೆ. ಬರುವವರು ಬೆಳಿಗ್ಗೆ ಏಳಕ್ಕೆ ನಿಲ್ದಾಣದಲ್ಲಿರಿ. ರೊಟ್ಟಿ ಬುತ್ತಿ, ನೀರು, ಗಟ್ಟಿ ಅಟ್ಟೆಯ ಚಪ್ಪಲಿ ಇರಲಿ. ಒಂದು ಪೊದೆಯಿಂದ ಅರ್ಧ ಹಣ್ಣು ಮಾತ್ರ ನಮ್ಮದು, ಉಳಿದದ್ದು ಕರಡಿಗೆ ಮತ್ತು ಪಿಕಳಾರಕ್ಕೆ.